ನೀಲಿ ಕಡಲು ಮತ್ತು ಗಾಜಿನ ಚಿಪ್ಪು: ಒಬ್ಬ ಲೇಖಕರಿಗೆ ಉತ್ತರ

ಪ್ರಿಯ ಲೇಖಕರೇ,

ಸಮುದ್ರದ ಸಸ್ಯಪ್ಲವಕಗಳ, ಅಂದರೆ ನೀರಿನಲ್ಲಿ ತೇಲುತ್ತ ಬಿಸಿಲಿನಿಂದ ಆಹಾರ ತಯಾರಿಸುವ ಸೂಕ್ಷ್ಮಜೀವಿಗಳ, ಬೆಳವಣಿಗೆಯನ್ನು ಪೋಷಕಾಂಶಗಳ ಕೊರತೆ ಹೇಗೆ ತಡೆಯುತ್ತದೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಭೂಮಿಯ ಒಟ್ಟು ದ್ಯುತಿಸಂಶ್ಲೇಷಣೆಯ ಸುಮಾರು ಅರ್ಧದಷ್ಟನ್ನು ನಡೆಸುವ ಜೀವಿಗಳ ಬಗ್ಗೆ ಬರೆಯಲು ಹೊರಟಿರುವುದು ಸಂತೋಷ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣಗಳನ್ನು ಮುಚ್ಚಿಡದೆ ಹೇಳುತ್ತೇನೆ.

ಮೊದಲ ವಾಕ್ಯದಲ್ಲೇ ಎಡವಿದ್ದೀರಿ. ‘ಕಣ್ಣು ಹಾಯುವಷ್ಟೂ ಹರಡಿದ ಆ ಶುಭ್ರ ನೀಲಿ ಕೋಟ್ಯಂತರ ಜೀವಗಳ ಅನ್ನದ ಬಟ್ಟಲು’ ಎಂದಿದ್ದೀರಿ. ಮಾತು ಇಂಪಾಗಿದೆ, ಅರ್ಥ ತಲೆಕೆಳಗಾಗಿದೆ. ನೀರು ಅಷ್ಟು ತಿಳಿಯಾಗಿ, ಅಷ್ಟು ನೀಲಿಯಾಗಿ ಕಾಣುವುದು ಅದರಲ್ಲಿ ಪತ್ರಹರಿತ್ತುಳ್ಳ ಜೀವಿಗಳು ತೀರ ವಿರಳವಾಗಿರುವುದರಿಂದ. ದಕ್ಷಿಣ ಪೆಸಿಫಿಕ್‌ನ ನಡುಭಾಗದ ನೀರು ಜಗತ್ತಿನ ಅತಿ ತಿಳಿಯಾದ ಕಡಲನೀರುಗಳಲ್ಲಿ ಒಂದು. ಅದು ಬಟ್ಟಲಲ್ಲ, ಮರುಭೂಮಿ. ಅನ್ನದ ಬಟ್ಟಲು ನೋಡಬೇಕೆಂದರೆ ಪೆರುವಿನ ಕರಾವಳಿಯ ಹಸಿರು ಬೆರೆತ ಮಬ್ಬು ನೀರಿಗೆ ಹೋಗಬೇಕು.

ಎರಡನೆಯ ಪುಟದಲ್ಲಿ ‘ಸಮುದ್ರದಲ್ಲಿ ಪೋಷಕಾಂಶಗಳು ಕಡಿಮೆ’ ಎಂದು ಬರೆದು ಮುಂದಕ್ಕೆ ಹೋಗಿದ್ದೀರಿ. ಎಲ್ಲಿ ಕಡಿಮೆ? ಆಳದಲ್ಲಿ ನೈಟ್ರೇಟ್, ಫಾಸ್ಫೇಟ್ ಧಾರಾಳವಾಗಿವೆ. ಬರಗಾಲ ಇರುವುದು ಬೆಳಕು ಇಳಿಯುವ ಮೇಲಿನ ನೂರಿನ್ನೂರು ಮೀಟರ್ ಪದರದಲ್ಲಿ. ಪ್ಲವಕಗಳು ಅಲ್ಲಿದ್ದುದನ್ನು ಹೀರಿ ಬೆಳೆಯುತ್ತವೆ. ಸತ್ತು, ಇಲ್ಲವೇ ತಮ್ಮನ್ನು ತಿಂದ ಪ್ರಾಣಿಗಳ ಹಿಕ್ಕೆಯಾಗಿ, ಕೆಳಗಿಳಿಯುತ್ತವೆ. ಅದರಲ್ಲಿ ಒಂದು ಪಾಲನ್ನು ಬ್ಯಾಕ್ಟೀರಿಯಾಗಳು ಕೊಳೆಸಿ ಪೋಷಕಾಂಶ ಬಿಡಿಸುವ ಹೊತ್ತಿಗೆ ಸುತ್ತಲೂ ಕತ್ತಲೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಬಿಸಿಲಿಗೆ ಕಾದು ಹಗುರಾದ ನೀರು ತಣ್ಣನೆಯ ಭಾರದ ನೀರಿನ ಮೇಲೆ ಮುಚ್ಚಳದಂತೆ ಕೂತಿರುವುದರಿಂದ ಎರಡೂ ಸುಲಭವಾಗಿ ಬೆರೆಯುವುದಿಲ್ಲ. ಪೆರುವಿನಂಥ ಕಡೆ ಗಾಳಿ ಮೇಲ್ನೀರನ್ನು ದಡದಿಂದಾಚೆ ಸಾಗಿಸುತ್ತದೆ, ಆ ಜಾಗಕ್ಕೆ ಆಳದ ನೀರು ಏರಿಬರುತ್ತದೆ. ಇಷ್ಟನ್ನು ಹೇಳದೆ ಕೊರತೆಯ ಮಾತೆತ್ತಿದರೆ ಓದುಗನಿಗೆ ಏನೂ ತಿಳಿಯುವುದಿಲ್ಲ.

ರೆಡ್‌ಫೀಲ್ಡ್ ಅನುಪಾತವನ್ನು ಕೊಟ್ಟಿದ್ದೀರಿ, ಅದು ಯಾಕೆ ಬೇಕೆಂದು ಹೇಳಿಲ್ಲ. ಸರಾಸರಿ ಲೆಕ್ಕದಲ್ಲಿ ಪ್ಲವಕಗಳ ಬೆಳವಣಿಗೆಗೆ ಇಂಗಾಲದ 106 ಪರಮಾಣುಗಳಿಗೆ ಸಾರಜನಕದ 16, ರಂಜಕದ 1 ಬೇಕು ಎಂದ ಮೇಲೆ, ರಂಜಕ ಎಷ್ಟು ಉಳಿದಿದ್ದರೇನು, ಸಾರಜನಕ ಮುಗಿದರೆ ಬೆಳವಣಿಗೆ ನಿಂತಂತೆಯೇ. ಬೇಡಿಕೆಗೆ ಹೋಲಿಸಿದರೆ ಯಾವುದು ಮೊದಲು ಖಾಲಿಯಾಗುತ್ತದೋ ಅದೇ ಯಜಮಾನ. ನೀವು ಎಲ್ಲವನ್ನೂ ‘ಪೋಷಕಾಂಶ’ ಎಂಬ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಟ್ಟಿದ್ದೀರಿ.

ಹಾಗೆ ಕಟ್ಟಿದ್ದರಿಂದಲೇ ಕಬ್ಬಿಣದ ಕಥೆ ನಿಮ್ಮ ಕೈಯಲ್ಲಿ ಒಂದೇ ಸಾಲಾಯಿತು. ಅಂಟಾರ್ಕ್ಟಿಕದ ಸುತ್ತಲಿನ ದಕ್ಷಿಣ ಮಹಾಸಾಗರದ ಬಹುಭಾಗದಲ್ಲಿ, ಸಮಭಾಜಕದ ಪೂರ್ವ ಪೆಸಿಫಿಕ್‌ನಲ್ಲಿ ನೈಟ್ರೇಟ್ ಮಿಕ್ಕಿಯೇ ಇದೆ, ಆದರೂ ಪ್ಲವಕಗಳು ಕಡಿಮೆ. ಯಾಕೆ? ಆಮ್ಲಜನಕವಿರುವ ಕಡಲನೀರಿನಲ್ಲಿ ಕಬ್ಬಿಣ ಕರಗಿ ಉಳಿಯುವುದು ಅತ್ಯಲ್ಪ, ನೆಲದ ಧೂಳು ಅಷ್ಟು ದೂರ ಹೆಚ್ಚಾಗಿ ತಲುಪುವುದಿಲ್ಲ. ಅಮೆರಿಕದ ಸಾಗರವಿಜ್ಞಾನಿ ಜಾನ್ ಮಾರ್ಟಿನ್ ಇದನ್ನು ಅಳೆಯಲು ಹೊರಟಾಗ ಹಡಗೇ ಕಬ್ಬಿಣ. ಅದರ ತುಕ್ಕಿನಿಂದ ನೀರಿನ ಮಾದರಿಯನ್ನು ಕಾಪಾಡುವುದೇ ಅರ್ಧ ಸಂಶೋಧನೆಯಾಗಿತ್ತು. ‘ಅರ್ಧ ಟ್ಯಾಂಕರ್ ಕಬ್ಬಿಣ ಕೊಡಿ, ಹಿಮಯುಗ ಕೊಡುತ್ತೇನೆ’ ಎಂದು 1988ರಲ್ಲಿ ಅವರು ಅರ್ಧ ತಮಾಷೆಯಾಗಿ ಹೇಳಿದ್ದರು: ಕಬ್ಬಿಣ ಸಿಕ್ಕಿ ಬೆಳೆದ ಪ್ಲವಕಗಳು ಗಾಳಿಯ ಇಂಗಾಲವನ್ನು ಹೀರಿ ಆಳಕ್ಕೆ ಒಯ್ದರೆ ಭೂಮಿ ತಣ್ಣಗಾಗುತ್ತದೆ ಎಂಬ ಲೆಕ್ಕ. 1993ರಲ್ಲಿ ತೀರಿಕೊಂಡರು. ಅದೇ ವರ್ಷ, ಕೆಲವೇ ತಿಂಗಳ ನಂತರ, ಗಲಾಪಗೋಸ್ ಬಳಿ ಕಡಲಿಗೆ ಕಬ್ಬಿಣ ಹಾಕಿ ನೋಡಿದರು, ಪ್ಲವಕಗಳು ಹೆಚ್ಚಿದವು. 1995ರ ಪ್ರಯೋಗದಲ್ಲಿ ನೀರು ಹಸಿರೇ ಆಯಿತು. ಇಂಥ ಕಥೆ ಕೈಯಲ್ಲಿರುವಾಗ ‘ನಿಸರ್ಗದ ವಿಸ್ಮಯ’ಕ್ಕೆ ಮೂರು ಪ್ಯಾರಾ ಯಾಕೆ ಖರ್ಚು ಮಾಡಿದಿರಿ?

ಇನ್ನು ಕೊನೆಯ ಪುಟ. ಕಡಲಿಗೆ ಕಬ್ಬಿಣ ಸುರಿದರೆ ಹವಾಮಾನದ ಸಮಸ್ಯೆ ಮುಗಿಯಿತು ಎಂಬ ನಿಮ್ಮ ತೀರ್ಮಾನವನ್ನು ನಾನು ಅಚ್ಚುಹಾಕುವುದಿಲ್ಲ. 2009ರಲ್ಲಿ ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು ದಕ್ಷಿಣ ಮಹಾಸಾಗರದಲ್ಲಿ ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಟನ್ನುಗಟ್ಟಲೆ ಕಬ್ಬಿಣದ ಸಲ್ಫೇಟ್ ಹಾಕಿದರು. ಲೋಹಾಫೆಕ್ಸ್ ಎಂಬ ಆ ಪ್ರಯೋಗದ ಹೆಸರು ಕೇಳಿರಬಹುದು. ಅಲ್ಲಿ ಡಯಾಟಮ್ ಎಂಬ ಚಿಪ್ಪುಳ್ಳ ಸಸ್ಯಪ್ಲವಕಗಳು ಹೆಚ್ಚಲಿಲ್ಲ, ಯಾಕೆಂದರೆ ಅವುಗಳ ಚಿಪ್ಪಿಗೆ ಬೇಕಾದ ಸಿಲಿಕಾ ಆ ನೀರಿನಲ್ಲಿ ಆಗಲೇ ಮುಗಿದಿತ್ತು. ಬೆಳೆದ ಸಣ್ಣ ಪ್ಲವಕಗಳನ್ನು ಕೋಪೆಪಾಡ್ ಎಂಬ ಪುಟ್ಟ ಕಡಲಪ್ರಾಣಿಗಳು ಮೇಯ್ದವು. ಆಳಕ್ಕಿಳಿದ ಇಂಗಾಲ ಅಲ್ಪ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಡಯಾಟಮ್ ಬಗ್ಗೆ ಮೂರನೆಯ ಪುಟದಲ್ಲಿ ‘ಸಿಲಿಕಾ ಕುಡಿದು ಗಾಜು ತೊಡುವ ಜೀವಿ’ ಎಂದು ಬರೆದವರು ನೀವೇ. ಇಡೀ ಲೇಖನದಲ್ಲಿ ನಾನು ಅಡಿಗೆರೆ ಎಳೆದ ಒಂದೇ ಸಾಲು ಅದು. ಲೋಹಾಫೆಕ್ಸ್‌ನ ಉತ್ತರ ಆ ಸಾಲಿನಲ್ಲೇ ಇತ್ತು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ನೀವು ಅದನ್ನು ಮರೆತಿದ್ದೀರಿ.

ಸಸ್ಯಪ್ಲವಕ, ಫೈಟೊಪ್ಲಾಂಕ್ಟನ್, ತೇಲುಸಸಿ ಮೂರನ್ನೂ ಬಳಸಿದ್ದೀರಿ. ಒಂದನ್ನು ಉಳಿಸಿಕೊಳ್ಳಿ. ಆಶ್ಚರ್ಯಸೂಚಕ ಚಿಹ್ನೆಗಳನ್ನು ನಾನೇ ತೆಗೆಯುತ್ತೇನೆ, ಆ ಚಿಂತೆ ಬೇಡ.

ಮೊದಲ ಎರಡು ಪುಟ ಬಿಟ್ಟು, ಆ ಗಾಜಿನ ಚಿಪ್ಪಿನಿಂದಲೇ ಆರಂಭಿಸಿ ಮತ್ತೆ ಬರೆದು ಕಳುಹಿಸಿ. ಅರ್ಧ ಗಾತ್ರ ಸಾಕು.

ನಿಮ್ಮ,
ಸಂಪಾದಕ