ಆ ಮೊಬೈಲು ಮೊದಲು ನಿಮ್ಮ ಕೈಗೆ ಬರಲಿ

ಹಾವೇರಿ ಕಡೆಯ ಸಹೋದರಿಯೊಬ್ಬರ ಪತ್ರ ಮೂರು ದಿನದಿಂದ ನನ್ನನ್ನು ಕಾಡುತ್ತಿದೆ. 43 ವರ್ಷದ ಗಂಡ ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಇಬ್ಬರು ಮಕ್ಕಳು, ದೊಡ್ಡವಳು ಎಸ್ಸೆಸ್ಸೆಲ್ಸಿ. ಹನ್ನೊಂದನೇ ದಿನದ ಕಾರ್ಯ ಮುಗಿದ ಸಂಜೆಯೇ ಭಾವ ಒಂದು ಕಾಗದ ತಂದು, "ಹೊಲದ ಖಾತೆ ಬದಲಾಯಿಸಬೇಕು, ಬರೀ ಒಂದು ಸಹಿ" ಅಂದಿದ್ದಾರೆ. ಎಲ್‌ಐಸಿ ಪಾಲಿಸಿಗೆ ಮದುವೆಗೆ ಮುಂಚಿನಿಂದ ಅವರೇ ನಾಮಿನಿ, ಹಾಗಾಗಿ ಆ ದುಡ್ಡೂ ತಮ್ಮದೇ ಅನ್ನುತ್ತಾರಂತೆ. ತವರಿನ ಅಣ್ಣ "ಹಾಕಿಬಿಡು, ಸಂಬಂಧ ಕೆಡಿಸ್ಕೋಬ್ಯಾಡ" ಅಂದಿದ್ದಾನೆ. ಸಹಿ ಹಾಕಲೇ ಬೇಡವೇ, ಇದು ಪ್ರಶ್ನೆ.

ಬೇಡ. ನನ್ನ ಅಂಕಣ ಓದುವವರಿಗೆ ಇದು ಗೊತ್ತಿರುವ ಮಾತೇ: ಸೂತಕದ ಮನೆಯಲ್ಲಿ ಹೆಣ್ಣುಮಗಳು ಯಾವ ಕಾಗದಕ್ಕೂ ಸಹಿ ಹಾಕಬಾರದು. ನನ್ನ ಚಿಕ್ಕಮ್ಮ ಹಾಕಿದ್ದಳು. ಚಾಪೆಯ ಮೇಲೆ ಕೂತಿದ್ದವಳ ಮುಂದೆ ಸ್ಟಾಂಪ್ ಪೇಪರ್ ಇಟ್ಟು, ಕಣ್ಣೊರೆಸಿಕೊಂಡ ಸೆರಗು ಇನ್ನೂ ಕೈಯಲ್ಲೇ ಇರುವಾಗ ಪೆನ್ನು ಹಿಡಿಸಿದ್ದರು. ಏನು ಬರೆದಿದೆ ಎಂದು ಆಕೆಗೆ ತಿಳಿದದ್ದು ಆರು ವರ್ಷದ ಮೇಲೆ, ಮನೆ ಬಿಡಿ ಎಂದಾಗ.

ತಂಗಿ, ಆ ಕಾಗದದಿಂದ ನೀವು ನಕಲು ಮಾಡಿ ಕಳಿಸಿದ ಎರಡು ಸಾಲಿನಲ್ಲಿ "ನನ್ನ ಹಕ್ಕನ್ನು ಸ್ವಖುಷಿಯಿಂದ ಬಿಟ್ಟುಕೊಟ್ಟಿರುತ್ತೇನೆ" ಎಂದಿದೆ. ಅದು ಹಕ್ಕು ಬಿಡುಗಡೆ ಪತ್ರ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅದರ ಅಗತ್ಯವೇ ಇಲ್ಲ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ವಾರಸುದಾರರೆಲ್ಲರ ಹೆಸರು ಸೇರಿಸಲು ಅರ್ಜಿ ಕೊಟ್ಟರಾಯಿತು.

ಆದರೆ ನಾನು ಕೂತಲ್ಲೇ ಕೂರದಂತೆ ಮಾಡಿದ್ದು ಬೇರೊಂದು ಸಾಲು. ನಾಲ್ಕನೇ ಪುಟದಲ್ಲಿ, ಅತ್ತೆ ಬಾಯಿ ಬಿಡುತ್ತಿಲ್ಲ ಎಂದು ದೂರುತ್ತಾ, ಕಂಸದೊಳಗೆ ಬರೆದಿದ್ದೀರಿ: (ಅವರ ಮೊಬೈಲು ಭಾವನ ಹತ್ರನೇ ಇದೆ, ಫೋನು ಬರ್ತಾನೇ ಇರ್ತಾವಲ್ಲ, ನನಗೆ ತ್ರಾಸ ಆಗಬಾರದು ಅಂತ.)

ಆ ಕಂಸದೊಳಗೆ ನಿಮ್ಮ ಸಂಸಾರವೇ ಇದೆ. ನಿಮ್ಮ ಯಜಮಾನರ ಬ್ಯಾಂಕಿನ ಓಟಿಪಿ ಬರುವುದು ಆ ಫೋನಿಗೆ. ಅದು ಯಾರ ಕೈಯಲ್ಲಿದೆಯೋ ಖಾತೆಯ ಕೀಲಿ ಅವರ ಕೈಯಲ್ಲಿ. ಯಜಮಾನರು ಎಲ್ಲೆಲ್ಲಿ ಏನೇನು ಕಟ್ಟುತ್ತಿದ್ದರು ಎಂಬ ಲೆಕ್ಕವೂ ಅದರ ಮೆಸೇಜುಗಳಲ್ಲೇ ಇದೆ. ಮೇ ತಿಂಗಳ ಕೊನೆಗೆ 436 ರೂಪಾಯಿ ಕಡಿತವಾದ ಮೆಸೇಜು ಇದೆಯೇ ನೋಡಿ. ಇದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, 2 ಲಕ್ಷ ರೂಪಾಯಿಯದು. ಎಷ್ಟೋ ಮನೆಗಳಲ್ಲಿ ಹೀಗೊಂದು ಇದೆ ಎಂದೇ ಗೊತ್ತಿರುವುದಿಲ್ಲ, ಗೊತ್ತಿಲ್ಲದ್ದನ್ನು ಯಾರೂ ಕೇಳುವುದಿಲ್ಲ. ಜಿನ್ನಿಂಗ್ ಮಿಲ್ಲಿನಲ್ಲಿ "ಸ್ವಲ್ಪ ಪಿಎಫ್ ಹಿಡೀತಿದ್ರು" ಅಂದಿರಲ್ಲ, ಆ ಸ್ವಲ್ಪದ ಜೊತೆಗೇ ಇಡಿಎಲ್‌ಐ ಎಂಬ ವಿಮೆಯಿದೆ, ಗರಿಷ್ಠ 7 ಲಕ್ಷದವರೆಗೆ. ನಿಮಗೂ ಮಕ್ಕಳಿಗೂ ಪಿಂಚಣಿಯ ಅವಕಾಶವಿದೆ. ಪಿಎಫ್ ನಂಬರ್ ಕೂಡ ಆ ಫೋನಿನಲ್ಲೇ ಸಿಗಬಹುದು.

ನಾಮಿನಿ ಮಾತು ಹೇಳಿಬಿಡುತ್ತೇನೆ. ನಾಮಿನಿ ಹಣ ಪಡೆಯುವ ಕೈ ಅಷ್ಟೇ, ಒಡೆಯನಲ್ಲ ಎಂದು ಸುಪ್ರೀಂ ಕೋರ್ಟು 1983ರಲ್ಲೇ, ಅದೂ ಎಲ್‌ಐಸಿ ಪ್ರಕರಣದಲ್ಲೇ, ಹೇಳಿದೆ. 2015ರ ತಿದ್ದುಪಡಿ ತಂದೆತಾಯಿ, ಗಂಡ, ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಮಾತ್ರ ಹಣ ಅವರದೇ ಎನ್ನುತ್ತದೆ. ಅಣ್ಣತಮ್ಮಂದಿರು ಆ ಪಟ್ಟಿಯಲ್ಲಿಲ್ಲ. ಉಯಿಲು ಇಲ್ಲದಿದ್ದರೆ ಆ ದುಡ್ಡು ನಿಮಗೆ, ಮಕ್ಕಳಿಗೆ, ಮತ್ತೆ ನಿಮ್ಮ ಅತ್ತೆಗೆ ಸಮಪಾಲು.

ಹೌದು, ಅತ್ತೆಗೂ. ಆಕೆ ಮಾತಾಡುತ್ತಿಲ್ಲ ಎಂದು ನಾಲ್ಕು ಕಡೆ ಬರೆದಿದ್ದೀರಿ. ಹೊಟ್ಟೆಯಲ್ಲಿ ಹುಟ್ಟಿದವನನ್ನು ಕಳಿಸಿ ಕೂತವಳು ಏನು ಮಾತಾಡಬೇಕು? ಆಕೆಯ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಭಾವನ ಮೇಲಿರುವ ಸಿಟ್ಟಿಗಿಂತ ನನಗೆ ಹೆಚ್ಚು ಇರುವುದು ನಿಮ್ಮ ಅಣ್ಣನ ಮೇಲೆ. ಪರರ ಮನೆಯವರು ಆಸೆಪಡುತ್ತಾರೆ, ಒಡಹುಟ್ಟಿದವನು ಅಡ್ಡ ನಿಲ್ಲಬೇಕಿತ್ತು. ತಂಗಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಾಳೆಂಬ ಅಂಜಿಕೆಗೆ ಅವನು ಸಂಬಂಧ ಎಂದು ಹೆಸರಿಟ್ಟಿದ್ದಾನೆ.

ಉಳಿದದ್ದೆಲ್ಲ ಆಮೇಲೆ. ಮರಣ ಪತ್ರದ ನೋಂದಣಿ 21 ದಿನದೊಳಗೆ ಆಗಬೇಕು, ಆಸ್ಪತ್ರೆಯಲ್ಲಿ ಹೋದದ್ದರಿಂದ ಅವರೇ ವರದಿ ಕಳಿಸಿರುತ್ತಾರೆ. ಪತ್ರದಲ್ಲಿ ಹೆಸರಿನ ಅಕ್ಷರ ಆಧಾರ್‌ನಲ್ಲಿದ್ದ ಹಾಗೇ ಇದೆಯೇ ಎಂದಷ್ಟು ನೋಡಿಕೊಳ್ಳಿ.

ನಾಳೆ ಬೆಳಿಗ್ಗೆ ಮಾಡಬೇಕಾದದ್ದು ಒಂದೇ. ಅತ್ತೆಯ ಕೈ ಹಿಡಿದುಕೊಂಡು ಭಾವನ ಮನೆಗೆ ಹೋಗಿ. "ಮಕ್ಕಳು ಅಪ್ಪನ ಫೋಟೋ ನೋಡಬೇಕಂತಾವು, ಮೊಬೈಲು ಕೊಡ್ರಿ" ಎಂದು ಕೇಳಿ. ಅದು ಸುಳ್ಳಲ್ಲ, ಫೋಟೋಗಳೂ ಅದರಲ್ಲೇ ಇವೆ, ಅವರ ದನಿಯೂ ಇದೆ. ತಾಯಿ ಎದುರು ನಿಂತಾಗ ಇಲ್ಲ ಎನ್ನುವುದು ಅವರಿಗೂ ಕಷ್ಟ. ಕೊಡುವ ತನಕ ಬಾಗಿಲಲ್ಲೇ ಕೂತಿರಿ. ಸಿಮ್ ಒಳಗೇ ಇದೆಯೇ ನೋಡಿ. ತೆಗೆದಿದ್ದರೆ ಅಲ್ಲಿಂದ ನೇರ ಬ್ಯಾಂಕಿಗೆ ಹೋಗಿ, ಖಾತೆದಾರರು ತೀರಿಕೊಂಡಿದ್ದಾರೆ, ವಹಿವಾಟು ನಿಲ್ಲಿಸಿ ಎಂದು ಬರೆದುಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಸಿಮ್ ಇದ್ದರೂ ಅದರಿಂದ ನೀವು ಹಣ ತೆಗೆಯಬೇಡಿ, ನಿಮ್ಮದೇ ಆದರೂ ಅರ್ಜಿ ಹಾಕಿಯೇ ಪಡೆಯಿರಿ. ರೀಚಾರ್ಜ್ ಮಾತ್ರ ನಿಲ್ಲಿಸಬೇಡಿ, ನಂಬರು ರದ್ದಾಗಿ ಬೇರೆಯವರ ಪಾಲಾಗುತ್ತದೆ. ಲಾಕ್ ತೆಗೆಯುವುದು ಮಗಳಿಗೆ ಗೊತ್ತಿರುತ್ತದೆ.

ಮತ್ತೆ ಈ ಪುಟವನ್ನು ನಿಮ್ಮ ಅಣ್ಣನಿಗೆ ಓದಲು ಕೊಡಿ. ಬ್ಯಾಂಕಿಗೆ, ಮಿಲ್ಲಿಗೆ, ನಾಡಕಚೇರಿಗೆ ಓಡಾಡಲು ಒಬ್ಬ ಗಂಡಸು ಬೇಕೇ ಆದರೆ, ಬೈಕ್ ತಗೊಂಡು ಅವನೇ ಬರಲಿ.