ಪ್ರಾಗ್‌ನ ಹಳೇ ಪೇಟೆ ಸುತ್ತೋಕೆ ಗೈಡ್ ಬೇಕಾ?

ಪ್ರಶ್ನೆ: ಸೆಪ್ಟೆಂಬರ್ ಕೊನೆಯ ವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಪ್ರಾಗ್‌ಗೆ ಹೋಗುತ್ತಿದ್ದೇವೆ. ಇರುವುದು ಎರಡೇ ದಿನ. ಹಳೇ ಊರನ್ನು ಗೈಡ್ ಜೊತೆ ನಡೆದು ನೋಡಬೇಕಾ, ಫೋನಲ್ಲಿ ಮ್ಯಾಪ್ ಹಿಡಿದು ನಾವೇ ಸುತ್ತಿದರೆ ಸಾಲದಾ? ‘ಫ್ರೀ ಟೂರ್’ ಅಂತಾರಲ್ಲ, ಅದು ನಿಜಕ್ಕೂ ಫ್ರೀನಾ? ಅಮ್ಮನಿಗೆ ಮಂಡಿ ನೋವಿದೆ. ಅಪ್ಪನಿಗೆ ಪಂಚಾಂಗ ನೋಡದೆ ಬೆಳಗಿನ ಕಾಫಿ ಇಳಿಯುವುದಿಲ್ಲ. ಅಲ್ಲಿನ ದೊಡ್ಡ ಗಡಿಯಾರ ನೋಡಲೇಬೇಕು ಅಂತ ಈಗಲೇ ಹಟ ಹಿಡಿದಿದ್ದಾರೆ.
– ಓದುಗರು, ಮೈಸೂರು

ಉತ್ತರ: ಮೊದಲ ದಿನ ಬೆಳಿಗ್ಗೆ ಗೈಡ್ ಜೊತೆ ಒಂದು ಸುತ್ತು ಹೋಗಿ. ಎರಡನೇ ದಿನ ನೀವೇ ನಿಧಾನಕ್ಕೆ ಅಡ್ಡಾಡಿ. ದಾರಿ ತೋರಿಸೋಕೆ ಗೈಡ್ ಬೇಕಿಲ್ಲ. ಚೌಕದಿಂದ ಚಾರ್ಲ್ಸ್ ಸೇತುವೆಗೆ ಹತ್ತು ಹನ್ನೆರಡು ನಿಮಿಷದ ನಡಿಗೆ ಅಷ್ಟೇ, ಜನ ಹೋಗುವ ಕಡೆ ಹೋದರೂ ತಲುಪುತ್ತೀರಿ. ಗೈಡ್ ಬೇಕಾಗುವುದು ಕಾಲ ಕೆಳಗೇ ಇದ್ದು ಕಣ್ಣಿಗೆ ಬೀಳದ್ದನ್ನು ತೋರಿಸೋಕೆ.

ಒಂದು ಉದಾಹರಣೆ ಹೇಳ್ತೀನಿ. ಗಡಿಯಾರದ ಮುಂದೆ ನೂರಾರು ಜನ ಫೋನ್ ಎತ್ತಿಕೊಂಡು ನಿಂತಿರುತ್ತಾರೆ. ಆ ಗಡಿಯಾರ ಇರುವ ಗೋಪುರದ ಮಗ್ಗುಲಿಗೆ ಬಂದು ನೆಲ ನೋಡಿ. ಕಲ್ಲುಹಾಸಿನಲ್ಲಿ 27 ಬಿಳಿ ಶಿಲುಬೆಗಳಿವೆ. 1621ರ ಜೂನ್ 21ರಂದು, ಆಗ ಈ ಊರನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ವಂಶದ ಚಕ್ರವರ್ತಿಯ ವಿರುದ್ಧ ದಂಗೆ ಎದ್ದ 27 ಜನರನ್ನು ಇಲ್ಲಿ ಕೊಂದರು. ಅವರಲ್ಲಿ ಯಾನ್ ಯೆಸೆನಿಯಸ್ ಒಬ್ಬ. ವೈದ್ಯ, ವಿಶ್ವವಿದ್ಯಾಲಯದ ಮುಖ್ಯಸ್ಥ. 1600ರಲ್ಲಿ ಇದೇ ಊರಲ್ಲಿ ಜನರೆದುರೇ ಹೆಣ ಕೊಯ್ದು ದೇಹದ ಒಳಗನ್ನು ತೋರಿಸಿದವನು. ಸತ್ತವರಲ್ಲಿ 12 ಜನರ ತಲೆಗಳನ್ನು ಸೇತುವೆಯ ಗೋಪುರಕ್ಕೆ ನೇತುಹಾಕಿದರು, ಅವು ಹತ್ತು ವರ್ಷ ಅಲ್ಲೇ ಇದ್ದವು. ಹೆಚ್ಚಿನ ಟೂರ್‌ಗಳು ಸೇತುವೆಯ ಹತ್ತಿರ ಮುಗಿಯುತ್ತವೆ. ಬೆಳಿಗ್ಗೆ ಶಿಲುಬೆ ನೋಡಿದವರು ಆ ಗೋಪುರದ ಕೆಳಗೆ ಹಾದುಹೋಗುವಾಗ ಒಂದು ಸಲ ತಲೆ ಎತ್ತಿ ನೋಡೇ ನೋಡುತ್ತಾರೆ. ಮ್ಯಾಪ್ ಹಿಡಿದು ಹೊರಟವರು ಸೀದಾ ಸೇತುವೆ ಹತ್ತುತ್ತಾರೆ.

ಇನ್ನು ಅಪ್ಪನ ಗಡಿಯಾರ. 1410ರಿಂದ ಇದೆ. ಕಡಾನ್ ಊರಿನ ಮಿಕುಲಾಶ್ ಎಂಬ ಗಡಿಯಾರದ ಕೆಲಸಗಾರ ಮಾಡಿದ್ದು. ಇದನ್ನು ಮಾಡಿದ್ದು ಹನುಶ್ ಎಂಬ ಕುಶಲಕರ್ಮಿ, ಇಂಥದ್ದು ಇನ್ನೊಂದು ಮಾಡಬಾರದು ಅಂತ ಅವನ ಕಣ್ಣು ಕೀಳಿಸಿದರು ಎಂಬ ಕಥೆ ನಿಮ್ಮ ಕಿವಿಗೂ ಬೀಳುತ್ತದೆ. ಅದು ಬರೀ ಕಟ್ಟುಕಥೆ. ಗಂಟೆಗೊಮ್ಮೆ ಕಿಟಕಿ ತೆರೆಯುತ್ತದೆ, ಯೇಸುವಿನ ಶಿಷ್ಯರಾದ ಅಪೊಸ್ತಲರ ಬೊಂಬೆಗಳು ಮೆರವಣಿಗೆ ಹೋಗುತ್ತವೆ, ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಕೊನೆಗೆ ಹುಂಜ ಕೂಗುತ್ತದೆ. ಒಂದು ನಿಮಿಷದೊಳಗೆ ಆಟ ಮುಗೀತು. ‘ಇಷ್ಟೇನಾ?’ ಅಂತ ಜನ ಚದುರುತ್ತಾರೆ. ನೀವು ಅಲ್ಲೇ ನಿಲ್ಲಿ. ಜನ ಹೋದಮೇಲೇ ಅಪ್ಪನಿಗೆ ಮಜಾ.

ಹೊರಗಿನ ಕಪ್ಪು ಬಳೆಯ ಮೇಲೆ ಹಳೇ ಕಾಲದ ಅಕ್ಷರದಲ್ಲಿ 1ರಿಂದ 24ರವರೆಗೆ ಅಂಕಿಗಳಿವೆ. ಪ್ರಾಗ್ ಸೇರಿದ್ದ ಆಗಿನ ಬೊಹೀಮಿಯಾ ರಾಜ್ಯದಲ್ಲಿ ದಿನ ಶುರುವಾಗುತ್ತಿದ್ದದ್ದು ಸೂರ್ಯ ಮುಳುಗಿದಾಗ. ನಮ್ಮ ಪಂಚಾಂಗದಲ್ಲಿ ಸೂರ್ಯೋದಯದಿಂದ ಗಳಿಗೆ ಎಣಿಸುತ್ತಾರಲ್ವಾ, ಹಾಗೆ ಅವರದು ಸೂರ್ಯಾಸ್ತದಿಂದ. ಚಿನ್ನದ ಕೈ ಆ ಬಳೆಯಲ್ಲಿ ತೋರಿಸುವ ಅಂಕಿಯನ್ನು 24ರಿಂದ ಕಳೆದರೆ ಹೊತ್ತು ಮುಳುಗಲು ಇನ್ನೆಷ್ಟು ಗಂಟೆ ಇದೆ ಅಂತ ಗೊತ್ತಾಗುತ್ತದೆ. ಊರ ಬಾಗಿಲು ಮುಚ್ಚುವ ಮೊದಲು ಒಳಗೆ ಸೇರಬೇಕಾದ ವ್ಯಾಪಾರಿಗೆ ಬೇಕಿದ್ದದ್ದು ಅದೇ ಲೆಕ್ಕ.

ಮಧ್ಯದಲ್ಲಿ ಓರೆಯಾಗಿ ತಿರುಗುವ ಸಣ್ಣ ಬಳೆ ರಾಶಿಚಕ್ರ. ಸೂರ್ಯನ ಬೊಂಬೆ ಯಾವ ರಾಶಿಯ ಮೇಲಿದೆ ಅಂತ ಅಪ್ಪನಿಗೇ ಹುಡುಕೋಕೆ ಹೇಳಿ. ಸೆಪ್ಟೆಂಬರ್ ಕೊನೆಯ ವಾರ ಅಂದರೆ ಅಲ್ಲಿ ಸೂರ್ಯ ಆಗಲೇ ತುಲಾ ರಾಶಿಗೆ ಬಂದಿರುತ್ತಾನೆ. ಮನೆಯ ಪಂಚಾಂಗದಲ್ಲಿ ಇನ್ನೂ ಕನ್ಯಾ! ಗಡಿಯಾರ ಕೆಟ್ಟಿಲ್ಲ. ನಮ್ಮದು ನಕ್ಷತ್ರಗಳನ್ನು ಹಿಡಿದು ಎಣಿಸುವ ನಿರಯನ ಲೆಕ್ಕ, ಅವರದು ಹಗಲು ರಾತ್ರಿ ಸಮವಾಗುವ ದಿನದಿಂದ ಎಣಿಸುವ ಸಾಯನ ಲೆಕ್ಕ. ಈಗ ಎರಡಕ್ಕೂ ಸುಮಾರು 24 ದಿನದ ಅಂತರ. ಇದನ್ನು ಯಾವ ಗೈಡೂ ಹೇಳಲಿಕ್ಕಿಲ್ಲ, ಅಪ್ಪನೇ ಗೈಡಿಗೆ ಹೇಳಲಿ. ಪಕ್ಕದಲ್ಲೇ ಚಂದ್ರನ ಗುಂಡೂ ಇದೆ, ಅರ್ಧ ಬೆಳ್ಳಿ ಅರ್ಧ ಕಪ್ಪು. ಶುಕ್ಲಪಕ್ಷವೋ ಕೃಷ್ಣಪಕ್ಷವೋ ಅದನ್ನು ನೋಡಿಯೇ ಹೇಳಬಹುದು.

ಅಮ್ಮನ ಮಂಡಿ ವಿಷಯ. ಹಳೇ ಪೇಟೆ ಬಹುತೇಕ ಸಮತಟ್ಟು, ಆದರೆ ನೆಲ ಪೂರ್ತಿ ಸಣ್ಣ ಕಲ್ಲುಗಳದ್ದು. ಎರಡು ಗಂಟೆ ನಡೆದರೆ ಪಾದ ಉರಿಯುತ್ತದೆ. ಚಪ್ಪಲಿ ಬೇಡ, ದಪ್ಪ ಅಟ್ಟೆಯ ಶೂ ಹಾಕಿಸಿ. ಗಡಿಯಾರದ ಗೋಪುರಕ್ಕೆ ಲಿಫ್ಟ್ ಇದೆ, ಅಮ್ಮನೂ ಮೇಲೆ ಹೋಗಬಹುದು. ಅದೇ ಕಟ್ಟಡದ ನೆಲಮಾಳಿಗೆಗೆ ಮಾತ್ರ ಮೆಟ್ಟಿಲಿಳಿಯಬೇಕು. ಅಮ್ಮ ಮೇಲೆ ಕೂತಿರಲಿ, ನೀವು ಬಿಡಬೇಡಿ. ಅದು ಮೊದಲು ನೆಲಮಾಳಿಗೆ ಆಗಿರಲಿಲ್ಲ, ರಸ್ತೆ ಮಟ್ಟದ ಕೋಣೆಗಳು. ವ್ಲತಾವಾ ನದಿ ಮತ್ತೆ ಮತ್ತೆ ಉಕ್ಕಿದ್ದರಿಂದ ಮಣ್ಣು ತುಂಬಿ ರಸ್ತೆಯನ್ನೇ ಎತ್ತರಿಸಿದರು. ಹಳೇ ಮನೆಗಳ ಕೆಳಗಿನ ಅಂತಸ್ತು ಹೂತುಹೋಯಿತು. ಕೋಟೆ ಇರುವುದು ನದಿಯಾಚೆ ಗುಡ್ಡದ ಮೇಲೆ. ಅದನ್ನು ಅದೇ ದಿನಕ್ಕೆ ತುರುಕಬೇಡಿ, ಮಾರನೇ ದಿನ 22ನೇ ನಂಬರ್ ಟ್ರ್ಯಾಮ್ ಹತ್ತಿ ಹೋಗಿ.

‘ಫ್ರೀ ಟೂರ್’ ಅಂದರೆ ಮೊದಲು ದುಡ್ಡಿಲ್ಲ, ಕೊನೆಗೆ ಟಿಪ್ಸ್. ಗೈಡ್‌ಗೆ ಅದೇ ಸಂಬಳ. ಅನೇಕ ಕಡೆ ಪ್ರತಿ ತಲೆಗೆ ಇಷ್ಟು ಅಂತ ಕಂಪನಿಗೆ ಅವರೇ ಕಟ್ಟಬೇಕು. ಸುಮ್ನೆ ನಡುವೆ ಜಾರಿಕೊಳ್ಳುವುದು ಸರಿಯಲ್ಲ. ನಾನು ಮೊದಲ ಸಲ ಫ್ರೀ ಅಂತ ನಲವತ್ತು ಜನರ ಗುಂಪಿಗೆ ಸೇರಿಕೊಂಡಿದ್ದೆ. ಹಿಂದೆ ನಿಂತವನಿಗೆ ಗೈಡ್‌ನ ಛತ್ರಿ ಕಾಣಿಸಿತೇ ಹೊರತು ಮಾತು ಕೇಳಿಸಲಿಲ್ಲ. ಅಪ್ಪ ಅಮ್ಮ ಜೊತೆಗಿದ್ದಾಗ ಹತ್ತು ಹನ್ನೆರಡು ಜನರ ಗುಂಪಿಗೆ ಟಿಕೆಟ್ ತೆಗೆದುಕೊಳ್ಳುವುದೇ ವಾಸಿ. ಬುಕ್ ಮಾಡುವಾಗ ಮಧ್ಯೆ ಕೂರಲು ಬಿಡುವು ಇದೆಯಾ ಅಂತ ಕೇಳಿ.

ಅಲ್ಲಿ ನಡೆಯುವುದು ಕೊರುನಾ, ಯೂರೋ ಅಲ್ಲ. ಚೌಕದ ಸುತ್ತಲಿನ ಹಣ ಬದಲಿಸುವ ಅಂಗಡಿಗಳಲ್ಲಿ ಬೋರ್ಡ್ ನಂಬಿ ನೋಟು ಕೊಡಬೇಡಿ, ಕೈಗೆ ಎಷ್ಟು ಬರುತ್ತದೆ ಅಂತ ಮೊದಲು ಕೇಳಿ. ಮೋಸ ಅನ್ನಿಸಿದರೆ ರಸೀದಿ ಹಿಡಿದು ಮೂರು ಗಂಟೆಯೊಳಗೆ ವಾಪಸ್ ಹೋಗಿ. 1,000 ಯೂರೋವರೆಗಿನ ವಿನಿಮಯವನ್ನು ರದ್ದು ಮಾಡಿಸುವ ಹಕ್ಕು ಅಲ್ಲಿನ ಕಾನೂನಿನಲ್ಲೇ ಇದೆ.

ಮನೆ ಬಾಗಿಲ ಮೇಲೆ ಎರಡೆರಡು ನಂಬರ್ ಕಂಡರೆ ಗಾಬರಿ ಬೇಡ. ಹೋಟೆಲ್ ಹುಡುಕುವಾಗ ನೀಲಿ ಫಲಕ ನೋಡಿ, ಅದು ಬೀದಿಯಲ್ಲಿ ಮನೆಯ ಕ್ರಮಸಂಖ್ಯೆ. ಕೆಂಪು ಫಲಕದ್ದು 1770ರಲ್ಲಿ ರಾಣಿ ಮರಿಯಾ ಥೆರೇಸಾ ಕಾಲದಲ್ಲಿ ಶುರುವಾದ ದಾಖಲೆ ನಂಬರ್ ಪದ್ಧತಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಕರಿದ ಚೀಸ್, ‘ಸ್ಮಾಜೆನಿ ಸೀರ್’, ಸಸ್ಯಾಹಾರ ಅಂತಲೇ ಸಿಗುತ್ತದೆ. ಆದರೆ ಕರಿಯುವ ಮೊದಲು ಮೊಟ್ಟೆಯಲ್ಲಿ ಅದ್ದಿರುತ್ತಾರೆ. ಅಪ್ಪ ಅಮ್ಮ ಮೊಟ್ಟೆ ತಿನ್ನುವುದಿಲ್ಲ ಎಂದಾದರೆ ಆರ್ಡರ್ ಮಾಡುವಾಗ ‘ಬೆಜ್ ವಯೆತ್ಸ್’ ಅನ್ನಿ, ಮೊಟ್ಟೆ ಬೇಡ ಅಂತ ಅರ್ಥ. ಮಾಂಸ ಬೇಡ ಅನ್ನೋಕೆ ‘ಬೆಜ್ ಮಸ’.