ಬಾಗಿಲು ಮುಚ್ಚಿದ್ದರೂ ಫ್ರಿಜ್ ಬೀಪ್ ಎನ್ನುತ್ತಲೇ ಇರುವುದೇಕೆ?

ನಿಮ್ಮ ಮನೆಯ ಫ್ರಿಜ್ ಹೀಗೆ ಕೂಗುತ್ತಿದ್ದರೆ, ಬಾಗಿಲು ಮುಚ್ಚಿದಂತೆ ಕಂಡರೂ ಪೂರ್ತಿ ಕೂತಿಲ್ಲವೆಂಬುದೇ ಬಹುಮಟ್ಟಿಗೆ ಕಾರಣ. ಬಾಗಿಲಂಚಿನ ರಬ್ಬರ್ ಪಟ್ಟಿಯೊಳಗಿನ ಅಯಸ್ಕಾಂತ ಅದನ್ನು ಎಳೆದು ಹಿಡಿಯುತ್ತದೆ. ಪಟ್ಟಿಯ ಮೇಲೆ ಜಿಡ್ಡು ಕಟ್ಟಿದರೆ ಸಣ್ಣ ಸಂದು ಉಳಿದು, ಬಾಗಿಲು ತೆರೆದಿದೆಯೆಂದು ಸೆನ್ಸರ್ ಭಾವಿಸುತ್ತದೆ, ಇಲ್ಲವೇ ಮಳೆಗಾಲದ ತೇವದ ಗಾಳಿ ಒಳನುಗ್ಗಿ ಉಷ್ಣತೆ ಏರಿದಾಗ ಎಚ್ಚರಿಕೆಯ ಸದ್ದು ಹೊರಡುತ್ತದೆ.

ಹತ್ತು ರೂಪಾಯಿಯ ನೋಟೊಂದನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಹಿಡಿತವಿಲ್ಲ. ಪಟ್ಟಿಯನ್ನು, ಮುಖ್ಯವಾಗಿ ಕೆಳಗಿನ ಮಡಿಕೆಯನ್ನು, ಬೆಚ್ಚನೆಯ ಸೋಪುನೀರಿನಲ್ಲಿ ಒರೆಸಿ ಒಣಗಿಸಿ. ಒಳಗಿನ ಪಾತ್ರೆಗಳನ್ನೂ ನೋಡಿ: ನಮ್ಮ ಮನೆಯಲ್ಲಿ ಬಾಗಿಲನ್ನು ತಡೆದಿದ್ದುದು ದೋಸೆಹಿಟ್ಟಿನ ಡಬ್ಬಿ. ಆಮೇಲೂ ನಿಲ್ಲದಿದ್ದರೆ 10 ನಿಮಿಷ ಪ್ಲಗ್ ತೆಗೆದಿಡಿ. ಮತ್ತೆ ಕೂಗಿದರೆ ಸೆನ್ಸರನ್ನು ಮೆಕ್ಯಾನಿಕ್ಕೇ ಪರೀಕ್ಷಿಸಬೇಕು.